ನಂಬರ್ ಒಂದು ಒತ್ತಿದವರು

ತಮ್ಮ ಬಗ್ಗೆ ತಾವೇ ಜಂಬ ಕೊಚ್ಚಿಕೊಳ್ಳುವವರನ್ನು ಹೇಗೋ ಸಹಿಸಿಕೊಳ್ಳಬಹುದು. ನಡುನಡುವೆ ನಾಚಿಕೆಯಾದರೂ ಬಂದು ಅವರ ಬಾಯಿ ಮುಚ್ಚಿಸುತ್ತದೆ. ತಂಗಿಯ ಬಗ್ಗೆ ಜಂಬ ಕೊಚ್ಚುವ ಅಕ್ಕನಿಗೆ ಆ ತೊಂದರೆಯೂ ಇಲ್ಲ. ನಾನು ಅಂಥ ಅಕ್ಕ. ಸಿಂಧನೂರಿನ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಕೊಳ್ಳಲು ಬಂದವರು ರೊಟ್ಟಿಯ ಜೊತೆಗೆ ನನ್ನ ತಂಗಿ ಸುವರ್ಣಾಳ ಸುದ್ದಿಯನ್ನೂ ಕಟ್ಟಿಸಿಕೊಂಡು ಹೋಗಬೇಕು, ಅದು ಪುಕ್ಕಟೆ. ಅವಸರವಿದ್ದವರು ಈಚೆಗೆ ತಾವು ಬಾರದೆ ಮಕ್ಕಳನ್ನು ಕಳಿಸುತ್ತಿರುವುದು ನನ್ನ ಗಮನಕ್ಕೆ ಬಂದಿದೆ. ನಾನು ಮಕ್ಕಳಿಗೂ ಹೇಳುತ್ತೇನೆ.

ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆಗ ನಾವು ಬಳಗಾನೂರಿನಲ್ಲಿದ್ದೆವು. ಅವ್ವ ಭತ್ತದ ನಾಟಿಗೆ ಹೋಗುತ್ತಿದ್ದಳು, ಸುವರ್ಣಾ ಆಗಷ್ಟೇ ಹುಟ್ಟಿದ್ದಳು, ಅವಳನ್ನು ಹೊತ್ತು ತಿರುಗಲು ಒಂದು ಕಂಕುಳು ಬೇಕಿತ್ತು. ಮನೆಯಲ್ಲಿ ಖಾಲಿ ಇದ್ದದ್ದು ನನ್ನದೊಂದೇ. ಶಾಲೆ ಬಿಟ್ಟದ್ದಕ್ಕೆ ನನಗೆ ದುಃಖವಿಲ್ಲ, ಒಂದು ಆಸೆ ಮಾತ್ರ ಉಳಿದುಕೊಂಡಿತು. ನಮ್ಮ ಮಾಸ್ತರರು ಪರೀಕ್ಷೆಯಾದ ಮೇಲೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ನಂಬರ್ ಕೂಗುತ್ತಿದ್ದರು. ‘ಒಂದನೇ ನಂಬರ್’ ಎಂದು ಕೂಗಿಸಿಕೊಂಡವರು ಮುಂದಿನ ಸಾಲಿಗೆ ಹೋಗಿ ಕೂಡಬೇಕು. ನಾನು ಯಾವಾಗಲೂ ನಟ್ಟನಡುವಿನ ಯಾವುದೋ ನಂಬರ್. ನನ್ನ ಜಾಗದಿಂದ ಒಂದನೆಯ ನಂಬರಿನವಳ ಜಡೆ ಮಾತ್ರ ಕಾಣುತ್ತಿತ್ತು. ಮುಂದೆ ಆದ ಅನಾಹುತಕ್ಕೆಲ್ಲ ಆ ಜಡೆಯೇ ಮೂಲ ಎಂದು ಈಗ ಅನ್ನಿಸುತ್ತದೆ.

ನಾನು ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ ಸುವರ್ಣಾ ನಮ್ಮ ಮನೆಯಲ್ಲೇ ಇದ್ದು ಬಿ.ಕಾಂ. ಮುಗಿಸಿದಳು. ನಾನು ಬಿಟ್ಟ ಶಾಲೆಯಿಂದಲೇ ಅವಳು ಶುರು ಮಾಡಿದ್ದರಿಂದ ಆ ಡಿಗ್ರಿಯಲ್ಲಿ ಅರ್ಧ ನನ್ನದು ಎಂದು ನನ್ನ ವಾದ. ಅಷ್ಟರಲ್ಲಿ ಸಿಂಧನೂರಿಗೆ ಆ ದೊಡ್ಡ ಅಂಗಡಿ ಬಂತು. ಹೆಸರು ಹೇಳಿದರೆ ತಂಗಿ ಬೈಯುತ್ತಾಳೆ. ದೇಶದ ತುಂಬ ಅಂಗಡಿಗಳಿರುವ ಕಂಪನಿ ಎಂದರೆ ಸಾಕು. ದಿಲ್ಲಿಯಲ್ಲಿ ಯಾವ ಕಪಾಟಿನಲ್ಲಿ ಯಾವ ಸಾಬೂನು ಇರುತ್ತದೋ ನಮ್ಮಲ್ಲೂ ಅದೇ ಕಪಾಟಿನಲ್ಲಿ ಅದೇ ಸಾಬೂನು. ಅಲ್ಲಿ ಬಿಲ್ಲಿಂಗ್ ಕೌಂಟರಿಗೆ ನಮ್ಮ ಹುಡುಗಿಯನ್ನು ಆರಿಸಿಕೊಂಡರು. ಮೊದಲ ದಿನ ಅವಳು ನೀಲಿ ಅಂಗಿ ತೊಟ್ಟು, ಎದೆಯ ಮೇಲೆ ಹೆಸರಿನ ಬಿಲ್ಲೆ ಹಚ್ಚಿಕೊಂಡು ಹೊರಟಾಗ ನಾನು ಓಣಿಯ ಕೊನೆಯವರೆಗೂ ಜೊತೆಗೆ ನಡೆದೆ. ದಾರಿ ತೋರಿಸಲು ಅಲ್ಲ, ಬಿಲ್ಲೆ ತೋರಿಸಲು. ನಮ್ಮ ಮನೆಯವರು ರೈಸ್ ಮಿಲ್ಲಿನ ಲಾರಿ ಓಡಿಸುತ್ತಾರೆ. ಹಾರ್ನ್ ಬಿಟ್ಟರೆ ಅವರಿಂದ ಬೇರೆ ಸದ್ದು ಹೊರಡುವುದಿಲ್ಲ. ಅವರೂ ಅಂದು ಬಾಯಿ ಬಿಟ್ಟರು: “ಇಷ್ಟು ವರ್ಷ ಆತು ಲಾರಿ ಓಡಿಸಾಕತ್ತು. ನನ್ನ ಎದಿ ಮ್ಯಾಲ ಯಾರೂ ಹೆಸರು ಬರೀಲಿಲ್ಲ ನೋಡು.”

ಸ್ವಲ್ಪ ದಿನದಲ್ಲೇ ಕಂಪನಿ ನಮ್ಮ ಮನೆಯೊಳಗೂ ಬಂತು. ಅಡುಗೆಮನೆಯ ಡಬ್ಬಿಗಳೆಲ್ಲ ಮುಖ ಮುಂದೆ ಮಾಡಿ ಸಾಲಾಗಿ ನಿಂತವು. ಹೊಸದಾಗಿ ಬೀಸಿಸಿ ತಂದ ಹಿಟ್ಟು ಹಿಂದಕ್ಕೆ, ಹಳೆಯದು ಮುಂದಕ್ಕೆ. “ಮೊದಲ ಬಂದದ್ದು ಮೊದಲ ಹೋಗಬೇಕು ಅಕ್ಕಾ,” ಎಂದಳು. ಒಮ್ಮೆ ಭಾವನಿಗೆ ಊಟಕ್ಕೆ ಬಡಿಸುತ್ತ, ಮೈಮರೆತು, “ಮತ್ತೇನಾದರೂ ಬೇಕಾ ಸರ್?” ಎಂದುಬಿಟ್ಟಳು. ನಮ್ಮ ಮನೆಯವರು ಆ ಸರ್ ಯಾರೆಂದು ಹಿಂತಿರುಗಿ ನೋಡಿದರು.

ಅವಳು ಕೆಲಸ ಮಾಡುವ ಚೆಂದ ಕಣ್ಣಾರೆ ನೋಡಬೇಕೆಂದು ನಾನೂ ಒಂದು ದಿನ ಹೋದೆ. ಬೇರೆ ಕೌಂಟರುಗಳು ಖಾಲಿ ಇದ್ದವು. ನಾನು ಅವಳ ಸಾಲಿನಲ್ಲೇ ನಿಂತೆ.

“ನಮಸ್ಕಾರ ಮೇಡಂ,” ಎಂದಳು.

“ಯಾರಿಗೆ ಮೇಡಂ ಅಂತೀ ಬೇ? ನಾ ನಿಮ್ಮಕ್ಕ.”

“ಗೊತ್ತೈತಿ, ಸುಮ್ನ ನಿಂದ್ರು,” ಎಂದಳು ತುಟಿ ಅಲುಗಾಡಿಸದೆ. ಮರುಕ್ಷಣ ಅದೇ ತುಟಿಯಲ್ಲಿ ನಗು ತಂದು, “ಕ್ಯಾರಿ ಬ್ಯಾಗ್ ಬೇಕಾ ಮೇಡಂ?” ಬಿಲ್ಲು ನನ್ನ ಕೈಗಿಟ್ಟು ಮತ್ತೊಂದು ಮಾತು ಹೇಳಿದಳು: “ನಿಮ್ಮ ಮೊಬೈಲಿಗೆ ಕಂಪನಿಯಿಂದ ಮೆಸೇಜ್ ಬರುತ್ತದೆ. ನಮ್ಮ ಸೇವೆ ಹೇಗನ್ನಿಸಿತು ಅಂತ ಒಂದು ನಂಬರ್ ಒತ್ತಿ ಕಳಿಸಿ.”

“ಯಾವ ನಂಬರ್?”

“ಅದನ್ನ ನಾವು ಹೇಳಂಗಿಲ್ಲ ಮೇಡಂ. ಕಂಪನಿ ರೂಲ್ಸ್.”

ಎಂಥ ಹುಡುಗಿ! ಒಡಹುಟ್ಟಿದ ಅಕ್ಕ ಎದುರಿಗೆ ನಿಂತರೂ ರೂಲ್ಸ್ ಮುರಿಯಲಿಲ್ಲ. ನಾನು ಬಾಗಿಲು ಮುಟ್ಟುವಷ್ಟರಲ್ಲಿ ಮೊಬೈಲು ಸದ್ದು ಮಾಡಿತು. ಮೆಸೇಜೆಲ್ಲ ಇಂಗ್ಲಿಷು, ನನಗೆ ತಿಳಿದದ್ದು ಕೊನೆಯಲ್ಲಿದ್ದ ಒಂದರಿಂದ ಐದರವರೆಗಿನ ಅಂಕಿಗಳು ಮಾತ್ರ. ಅದರಲ್ಲಿ ಯಾವುದನ್ನು ಒತ್ತಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ನಮ್ಮ ಮನೆಗೆ ಬರಬೇಕಿದ್ದ ಆ ಒಂದನೆಯ ನಂಬರನ್ನು ಅಲ್ಲೇ ನಿಂತು ನಾನೇ ಒತ್ತಿ ಕೊಟ್ಟೆ. ಬಿಲ್ಲು ನೋಡುವ ವಾಚ್‌ಮನ್ ಸಾಲಗುಂದದವನು. “ಯಾಕ್ರೀ ಅಕ್ಕಾರ, ಏನಾರ ಕಳೀತೇನು? ಕಣ್ಣಾಗ ನೀರು ಬಂದಾವಲ್ಲ,” ಎಂದ. “ಕಳೆದಿಲ್ಲಪ್ಪ, ಸಿಕ್ಕೈತಿ,” ಎಂದೆ.

ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಒಂದು ಸಂಜೆ ಸುವರ್ಣಾ ಹೇಳಿದಳು: ಲಿಂಗಸುಗೂರಿನಲ್ಲೂ ಕಂಪನಿಯ ಅಂಗಡಿ ಆಗುತ್ತದಂತೆ, ಅಲ್ಲಿಗೆ ಫ್ಲೋರ್ ಇನ್‌ಚಾರ್ಜ್ ಆಗಿ ಇಲ್ಲಿಂದಲೇ ಒಬ್ಬರನ್ನು ಕಳಿಸುತ್ತಾರಂತೆ. ಅಂದರೆ ಇಡೀ ಅಂಗಡಿಯ ಓಡಾಟ ಅವರ ಕೈಯಲ್ಲಿ. ಕಣದಲ್ಲಿ ಇಬ್ಬರು, ಇವಳು ಮತ್ತು ಮುದಗಲ್ಲಿನ ಒಬ್ಬ ಹುಡುಗ. “ನೋಡೂಣು ಅಕ್ಕಾ. ಮಂದಿ ಏನ್ ನಂಬರ್ ಕೊಡ್ತಾರೋ ಅದರ ಮ್ಯಾಲ ಐತಿ,” ಎಂದು ಕೈ ತೊಳೆಯಲು ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು.

ಮರುದಿನದಿಂದ ರೊಟ್ಟಿ ಕೊಂಡವರಿಗೆಲ್ಲ ಸೂಚನೆ: ಸಾಮಾನು ಕೊಳ್ಳಲು ದೊಡ್ಡ ಅಂಗಡಿಗೇ ಹೋಗಬೇಕು, ಸುವರ್ಣಾಳ ಸಾಲಿನಲ್ಲೇ ನಿಲ್ಲಬೇಕು, ಮೆಸೇಜ್ ಬಂದರೆ ಒಂದು ಒತ್ತಬೇಕು. ಓಣಿಯಲ್ಲಿ ಇಂಗ್ಲಿಷ್ ಓದಬಲ್ಲವರೂ ಇದ್ದರು. ಅವರು ಓದುವ ಮೊದಲೇ ನಾನು ಒತ್ತಿಸಿಬಿಡುತ್ತಿದ್ದೆ. ಪಕ್ಕದ ಮನೆಯ ಖಾಸಿಂಬಿಗೆ ಮಾತ್ರ ಅನುಮಾನ. “ಒಂದ ಯಾಕ್ ಅಕ್ಕಾ? ಜಾಸ್ತಿ ಒತ್ತಿದ್ರ ಚಲೋ ಅಲ್ಲೇನು?”

“ಒಂದಂದ್ರ ಪಹಿಲಾ ನಂಬರ್ ಖಾಸಿಂಬಿ. ನಿನ್ನ ಮಗಳು ಸಾಲ್ಯಾಗ ಐದನೇ ನಂಬರ್ ಬಂದ್ರ ಪೇಢೆ ಹಂಚ್ತೀಯೇನು?”

“ತೌಬಾ ತೌಬಾ!” ಎಂದು ಖಾಸಿಂಬಿ ಕೆನ್ನೆ ಬಡಿದುಕೊಂಡು ಒಂದು ಒತ್ತಿದಳು. ಮಸ್ಕಿಯಲ್ಲಿರುವ ನಮ್ಮ ಸೋದರಮಾವ ಬಸ್ಸು ಹತ್ತಿ ಬಂದು, ಹಲ್ಲುಜ್ಜುವ ಬ್ರಷ್ ಕೊಂಡು, ಒಂದು ಒತ್ತಿ, ಮುಂದಿನ ಬಸ್ಸಿಗೆ ವಾಪಸ್ಸಾದ. ಬಾಯಲ್ಲಿ ಹಲ್ಲಿಲ್ಲದ ಮನುಷ್ಯ. ಸೊಸೆಯ ಮೇಲಿನ ಪ್ರೀತಿ ನೋಡಿ! ನಮ್ಮ ಮನೆಯವರಿಗೂ ಹೇಳಿದೆ. “ಹ್ಞೂಂ,” ಎಂದರು.

ಕೆಲವು ವಾರ ಕಳೆದವು. ಒಂದು ದಿನ ಸುವರ್ಣಾ ಮನೆಗೆ ಬಂದವಳು ಅಡ್ಡಾದಿಡ್ಡಿಯಾಗಿದ್ದ ಡಬ್ಬಿಗಳನ್ನು ಕಂಡರೂ ತಿರುಗಿಸಲಿಲ್ಲ. ಏನೋ ಆಗಿದೆ ಎಂದುಕೊಂಡೆ.

“ಮ್ಯಾನೇಜರ್ ಕರೆದಿದ್ರು ಅಕ್ಕಾ. ನನ್ನ ಕೌಂಟರಿಗೆ ಬಂದಷ್ಟು ಕೆಟ್ಟ ನಂಬರ್ ಈ ಕಡಿ ಯಾವ ಅಂಗಡ್ಯಾಗೂ ಬಂದಿಲ್ಲಂತ. ನಾ ಯಾರಿಗೆ ಏನ್ ಅಂದೀನಿ ಹೇಳು? ಸಿಟ್ಟಾದೋರು ಬ್ಯಾರೆ ಸಾಲಿಗೆ ಹೋಗಬೇಕಿಲ್ಲೋ? ತಿರುಗಿ ನನ್ನ ಸಾಲಿಗೇ ಬಂದು ನಿಂದರ್ತಾರಂತ! ಮ್ಯಾನೇಜರಿಗೂ ತಿಳಿವಲ್ದು. ಹಿಂಗಾದ್ರ ಲಿಂಗಸುಗೂರು ಹೋತು ಅಂತ ತಿಳಿ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಯಾರ ಬೇ ಆ ಹೊಟ್ಟೆಕಿಚ್ಚಿನೋರು? ಅವರ ಬೆರಳು ಸೇದಿಹೋಗ್ಲಿ! ಅವರ ಹಂಚಿನ ಮ್ಯಾಲ ರೊಟ್ಟಿ ಹರದು ಚೂರಾಗ್ಲಿ!” ಎಂದು ಓಣಿಗೆಲ್ಲ ಕೇಳುವಂತೆ ಶಾಪ ಹಾಕಿದೆ. ಮರುದಿನ ನನ್ನ ಹಂಚಿನ ಮೇಲೆ ರೊಟ್ಟಿಗಳು ಒಂದರ ಹಿಂದೆ ಒಂದು ಹರಿಯತೊಡಗಿದಾಗ, ಹಿಟ್ಟು ಹಿಂದುಮುಂದಾಗಿರಬೇಕು ಎಂದುಕೊಂಡೆ.

ಆ ರಾತ್ರಿ ಮೂವರೂ ಊಟಕ್ಕೆ ಕೂತಾಗ ನಮ್ಮ ಮನೆಯವರು ತಾವಾಗಿಯೇ ಮಾತಾಡಿದರು. “ನಾ ಅಂತೂ ಐದು ಒತ್ತೀನಿ ನೋಡವ. ನಾದಿನಿಗೆ ಒಂದ ಒಂದು ಏನ್ ಕೊಡೂದು? ಕೊಡೂದು ಕೊಡ್ತೀವಿ, ಕೈತುಂಬ ಕೊಡೂಣು ಅಂತ ಐದೂ ಕೊಟ್ಟೆ.”

ಸುವರ್ಣಾಳ ಕಣ್ಣು ತುಂಬಿತು. “ನೀವೊಬ್ರ ನೋಡ್ರಿ ಭಾವ ನನ್ನ ಕೈ ಹಿಡದೋರು. ಐದಂದ್ರ ಭಾಳ ಚಲೋ, ಒಂದಂದ್ರ ಭಾಳ ಕೆಟ್ಟ.”

ನನ್ನ ಕೈಯಲ್ಲಿದ್ದ ತುತ್ತು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ಪಲ್ಯದ ಕಡೆ ನೋಡಿದೆ. ಅವರು ಹಾರ್ನ್ ಕೂಡ ಹಾಕಲಿಲ್ಲ. ಆ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಓದುಗರೇ, ತಪ್ಪು ನಂಬರ್ ಒತ್ತಿದ್ದನ್ನು ನಾನು ತಪ್ಪೆಂದು ಒಪ್ಪುವುದಿಲ್ಲ. ಯಾವ ಶಾಲೆಯಲ್ಲಿ ಐದನೆಯವರನ್ನು ಮುಂದೆ ಕೂಡಿಸುತ್ತಾರೆ? ಆದರೆ ಆ ತುತ್ತನ್ನು ಕೆಳಗಿಟ್ಟು, ‘ನಾನ ಬೇ ಅದು’ ಎನ್ನಬೇಕಿತ್ತಲ್ಲ, ಅದನ್ನು ಅನ್ನಲಿಲ್ಲ. ನುಂಗಿಬಿಟ್ಟೆ. ಬದಲಿಗೆ ಗುಟ್ಟಾಗಿ ರಿಪೇರಿಗೆ ಹೊರಟೆ. ಮನೆಮನೆಗೆ ಹೋಗಿ, ಇನ್ನು ಮುಂದೆ ಐದು ಒತ್ತಿ ಎಂದೆ. “ಮೊನ್ನಿ ಐದಕ್ಕ ತೌಬಾ ಅನಿಸಿದಿ, ಇವತ್ತ ಒಂದಕ್ಕ ತೌಬಾ ಅಂತೀ. ಒಂದು ಫೈಸಲಾ ಮಾಡ್ಕೊಂಡು ಬಾ ಅಕ್ಕಾ,” ಎಂದಳು ಖಾಸಿಂಬಿ. ಮಾವನಿಗೆ ಫೋನು ಮಾಡಿದೆ. “ಮತ್ತ ಬ್ರಷ್ ತಗೋಬೇಕಾ? ಇದ್ದದ್ದ ಯಾರಿಗೆ ಕೊಡಬೇಕು ತಿಳಿವಲ್ದು,” ಎಂದ.

ಇತ್ತ ಸುವರ್ಣಾ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಕನ್ನಡಿಯ ಮುಂದೆ ನಿಂತು ನಕ್ಕಳು. ನಿಲ್ಲಿಸಿದಳು. ಬೇರೆ ಥರ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾ, ಖರೇ ಹೇಳು. ನಾ ನಕ್ಕರ ಹಂಗಿಸಿದಂಗ ಕಾಣ್ತದೇನು?” ಎಂದು ಕೇಳಿದಳು. ಹುಟ್ಟಿದ ತಿಂಗಳಲ್ಲಿ ನನ್ನ ಕಂಕುಳಲ್ಲಿ ಮೊದಲ ಬಾರಿ ನಕ್ಕ ಮುಖ ಅದು. “ಇಲ್ಲ ಬೇ,” ಎಂದಷ್ಟೇ ಹೇಳಿ ಒಳಗೆ ಹೋದೆ. ಹೋದವಳು ಸೀರೆ ಬದಲಿಸಿ, ಅವಳ ಹಿಂದೆಯೇ ಅಂಗಡಿಗೆ ನಡೆದೆ.

ಮ್ಯಾನೇಜರು ಬಳ್ಳಾರಿ ಕಡೆಯ ಚಿಕ್ಕ ವಯಸ್ಸಿನವರು. ಕೌಂಟರುಗಳ ಹತ್ತಿರವೇ ನಿಂತಿದ್ದರು. “ಸಾಹೇಬ್ರ, ಆ ಒಂದುಗಳೆಲ್ಲಾ ನನ್ನವು ರೀ,” ಎಂದೆ. ಅವರಿಗೆ ತಿಳಿಯಲಿಲ್ಲ. ಮಾಸ್ತರರಿಂದ ಶುರು ಮಾಡಿ ಜಡೆಯವರೆಗೆ ಎಲ್ಲ ಹೇಳಿದೆ. “ನಿಮ್ಮ ಸಾಲ್ಯಾಗ ಒಂದನೇ ನಂಬರ್ ಬಂದೋರು ಹಿಂದ ಕುಂದರ್ತಿದ್ರೇನ್ರಿ?” ಎಂದೂ ಕೇಳಿದೆ. ಸುವರ್ಣಾ ತನ್ನ ಕೌಂಟರಿನಲ್ಲಿ ಒಂದು ಸಾಬೂನನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು.

“ಸಂಬಂಧಿಕರ ನಂಬರ್ ಲೆಕ್ಕಕ್ಕೆ ತಗೊಳಲ್ಲಮ್ಮ, ಹಾಗಂತ ರೂಲ್ಸ್ ಇದೆ,” ಎಂದರು ಮ್ಯಾನೇಜರು. “ಆದರೆ ಇಷ್ಟು ಜನ ಎಲ್ಲಾ ನಿಮ್ಮ ಸಂಬಂಧಿಕರಾ?”

“ನನ್ನ ರೊಟ್ಟಿ ತಿಂದೋರೆಲ್ಲಾ ಸಂಬಂಧಿಕರ ರೀ.”

“ನಾನೂ ತಿಂದೀನ್ರಿ,” ಎಂದ ಸಾಲಿನಲ್ಲಿದ್ದವನೊಬ್ಬ. “ನಾನೂ ಒಂದ ಒತ್ತೀನಿ.” ಅವನ ಹಿಂದಿನವಳೂ ಕೈ ಎತ್ತಿದಳು. ಮ್ಯಾನೇಜರು ಹಣೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಭುಜ ಕುಲುಕುತ್ತಿತ್ತು, ಅಳುವೋ ನಗುವೋ ಹೇಳಲಾಗದು. ಆಗ ಸುವರ್ಣಾ ಕಂಪನಿಯ ನಗುವನ್ನು ಒಂದಿಷ್ಟೂ ಕದಲಿಸದೆ, “ಮೇಡಂ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಹಿಂದೆ ಕಸ್ಟಮರ್ಸ್ ಇದ್ದಾರೆ,” ಎಂದಳು.

ಸಂಜೆ ಸುವರ್ಣಾ ಮನೆಗೆ ಬಂದು ನೇರ ಅಡುಗೆಮನೆಗೆ ಹೋದಳು. ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸುತ್ತ ಹೇಳಿದಳು: “ಒಂದು ಒತ್ತಿಸಿದ್ದಕ್ಕ ಸಿಟ್ಟಿಲ್ಲ ಅಕ್ಕಾ. ನಾ ಕನ್ನಡಿ ಮುಂದ ನಿಂತಾಗ ಖರೇ ಹೇಳದ ಸುಮ್ನಿದ್ದಿಯಲ್ಲ, ಅದಕ್ಕ ಸಿಟ್ಟು.” ನಾನೂ ಪಕ್ಕಕ್ಕೆ ನಿಂತು ಒಂದು ಡಬ್ಬಿ ತಿರುಗಿಸಿಟ್ಟೆ.

ಮ್ಯಾನೇಜರು ಮೇಲಿನವರಿಗೆ ಎಲ್ಲವನ್ನೂ ತಿಳಿಸಿ ನಮ್ಮವರ ನಂಬರುಗಳನ್ನೆಲ್ಲ ತೆಗೆಸಿಹಾಕಿದರಂತೆ. ಪಾಪ, ನಮ್ಮ ಮನೆಯವರು ಕೈತುಂಬ ಕೊಟ್ಟ ಐದೂ ಹೋಯಿತು. ಉಳಿದದ್ದು ನನ್ನ ಬಾಯಿಗೆ ಸಿಗದ ಜನ, ಎಲ್ಲೆಲ್ಲಿಂದಲೋ ಬಂದು ಅವಳ ಮುಂದೆ ಚೀಲ ಇಟ್ಟವರು, ಅವಳು ಯಾರ ತಂಗಿ ಎಂದು ತಿಳಿಯದವರು. ಅವರೆಲ್ಲ ತಾವಾಗಿಯೇ ಐದು ಒತ್ತಿದ್ದರು. ಲಿಂಗಸುಗೂರು ನಮ್ಮ ಹುಡುಗಿಗೇ ಬಂತು. ಅದರಲ್ಲಿ ನನ್ನ ಪಾಲು ಒಂದಿಷ್ಟೂ ಇಲ್ಲ. ಇದನ್ನು ಬರೆಯುವಾಗ ಬೇಸರವಾಗಬೇಕಿತ್ತು. ಎದೆ ಮತ್ತೂ ಉಬ್ಬುತ್ತಿದೆ, ಏನು ಮಾಡಲಿ?

ಈಗ ಅವಳು ದಿನಾ ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ಹತ್ತುತ್ತಾಳೆ. ಬಿಲ್ಲೆಯ ಮೇಲೆ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಮಾವ ಬಂದು ಕಿಟಕಿಗೆ ಕೈ ಬೀಸಿ, ಕಂಡಕ್ಟರಿಗೆ ಅವಳು ಯಾರೆಂದು ದಿನಾ ಹೊಸದಾಗಿ ಹೇಳುತ್ತಾನಂತೆ. ಅಲ್ಲಿ ಕೆಲಸ ಮಾಡುವವರಿಗೆಂದು ನಾನೂ ರೊಟ್ಟಿ ಕಟ್ಟಿಕೊಡುತ್ತೇನೆ. ಮೊನ್ನೆ ಬಸ್ ನಿಲ್ದಾಣಕ್ಕೆ ಗಂಟು ಹೊತ್ತು ಹೋದಾಗ, ಮೆಟ್ಟಿಲು ಹತ್ತುತ್ತ ತಿರುಗಿ ಅವಳೆಂದಳು: “ನಿನ್ನ ರೊಟ್ಟಿಗೆ ಎಲ್ಲಾರೂ ಸೇರಿ ನಂಬರ್ ಕೊಟ್ಟಾರ ಅಕ್ಕಾ. ಒಂದು.”

ನನ್ನ ಜೀವ ಹಾರಿತು. “ಯಾವ ಒಂದು ಬೇ? ಸಾಲಿದೋ, ಕಂಪನಿದೋ?”

ಅವಳು ಎಲ್ಲ ಹಲ್ಲು ತೋರಿಸಿ ನಕ್ಕಳು. “ಅದನ್ನ ನಾವು ಹೇಳಂಗಿಲ್ಲ ಮೇಡಂ. ಕಂಪನಿ ರೂಲ್ಸ್.”

ಬಸ್ಸು ಹೊರಟುಹೋಯಿತು. ಓಣಿಯವರಿಗೆ ಮಾತ್ರ ಅದು ಶಾಲೆಯ ಒಂದು ಎಂದೇ ಹೇಳಿದ್ದೇನೆ.