ನಾಟಕದ ಕಾಲೇಜಿನ ಮನೆ ನೋಡಿದ್ದು

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಬರುವುದರಲ್ಲಿ ನಮ್ಮ ಶಹಾಪುರದ ಕಡೆ ನನಗೆ ಸ್ವಲ್ಪ ಹೆಸರಿದೆ. ಕೆಂಭಾವಿಗೆ ಹೊರಟರೂ ಸೈದಾಪುರಕ್ಕೆ ಹೊರಟರೂ ನೆಂಟರು ನನ್ನನ್ನು ಕರೆಯುತ್ತಾರೆ. ಕುಡಿಯುವ ನೀರು ಸಿಹಿಯೋ ಸವಳೋ, ರೊಟ್ಟಿ ಬುಟ್ಟಿ ತುಂಬಿದೆಯೋ, ಪಕ್ಕದ ಮನೆಯವರು ಏನನ್ನುತ್ತಾರೆ, ಇಷ್ಟು ನೋಡಿದರೆ ನನಗೆ ಸಾಕು. ಆದ್ದರಿಂದ ಮಗಳು ರೇಣುಕಾ ನಾಟಕದ ಕಾಲೇಜು ಸೇರುತ್ತೇನೆ, ಮೊದಲು ಹೋಗಿ ನೋಡಿ ಬರೋಣ ಎಂದಾಗ ನನಗೆ ಗಾಬರಿಯಾಗಲಿಲ್ಲ. ಗಾಬರಿ ಬೇರೆಯದಕ್ಕೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿರುವವರು ನಾವಿಬ್ಬರೇ. ಇವಳೂ ಹೋದರೆ ನಾನು ಕಚೇರಿಯಿಂದ ಬಂದು ಯಾರ ಮೇಲೆ ರೇಗಲಿ? ಹೇಗಾದರೂ ಒಂದು ಕೊರತೆ ಹುಡುಕಿಯೇ ಬರಬೇಕೆಂದು ಯಾದಗಿರಿಯಲ್ಲಿ ರೈಲು ಹತ್ತಿದೆ.

ಮೊದಲು ನೋಡಿದ ಕಾಲೇಜನ್ನು ನೀರು ಸವಳೆಂದು ತಳ್ಳಿಹಾಕಿದೆ. ಎರಡನೆಯದರಲ್ಲಿ ನೀರು ಸಿಹಿಯಾಗಿತ್ತು, ಆ ನೆಪ ಕೈತಪ್ಪಿತು. ರೇಣುಕಾ ತಾಲೀಮಿನ ಕೋಣೆಯಲ್ಲಿ ಕೂತು, ಮೊದಲ ವರ್ಷದವರಿಗೂ ಪಾರ್ಟು ಸಿಗುತ್ತದೆಯೇ, ಬೆಳಕು ಬಿಡುವುದನ್ನು ಹುಡುಗಿಯರಿಗೂ ಕಲಿಸುತ್ತಾರೆಯೇ ಎಂದು ವಿದ್ಯಾರ್ಥಿಗಳನ್ನು ವಿಚಾರಿಸುತ್ತಿದ್ದಳು. ನಾನು ಹಾಸ್ಟೆಲಿನ ಅಡುಗೆಮನೆಯಲ್ಲಿ ರೊಟ್ಟಿ ಮುರಿದು ನೋಡುತ್ತಿದ್ದೆ. ಅಡುಗೆಯಾಕೆ, "ಬೀಗರ ಮನಿ ನೋಡಾಕ ಬಂದಂಗ ಬಂದೀರಲ್ರಿ. ಕುಂದರ್ರಿ, ಪಲ್ಯ ಹಾಕ್ತೀನಿ" ಎಂದಳು. ಪಲ್ಯವೂ ಚೆನ್ನಾಗಿತ್ತು.

ಹೊರಗೆ ಬಂದರೆ ಬೇವಿನ ಗಿಡದ ಕೆಳಗೆ ಒಬ್ಬ ಹುಡುಗಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಅಂತೂ ಕೊರತೆ ಸಿಕ್ಕಿತೆಂದು ಓಡಿದೆ. "ಯಾಕವ್ವ, ಇಲ್ಲಿ ಭಾಳ ತ್ರಾಸ ಅದ ಏನು?"

"ಇಲ್ರಿ ಕಾಕಾ, ಪಾರ್ಟಿನ ತಾಲೀಮು ಮಾಡಾಕತ್ತೀನ್ರಿ. ಅಳು ಬರ್ಲಿಲ್ಲಂದ್ರ, ನಮ್ಮಪ್ಪ ನನ್ನ ಇಲ್ಲಿ ಬಿಟ್ಟು ಹೊಳ್ಳಿ ಹೋದದ್ದು ನೆನಸ್ಕೊಂತೀನಿ. ಬರ್ತದ."

ನನಗೆ ಏನನ್ನೂ ನೆನೆಸಿಕೊಳ್ಳಬೇಕಾಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಬಿಸಿಲು ಜಾಸ್ತಿ ಎಂದೆ.

ಊರಿಗೆ ಬಂದ ಮರುದಿನ ರೇಣುಕಾ ನಮ್ಮದೇ ಮನೆ ನೋಡತೊಡಗಿದಳು. ಕೊಡದ ಮುಚ್ಚಳ ತೆಗೆದಳು, ಹಿಟ್ಟಿನ ಡಬ್ಬಿ ಅಲುಗಾಡಿಸಿದಳು, ಪಕ್ಕದ ಮನೆಯ ಶರಣಮ್ಮನನ್ನು ಕರೆದು ಕೇಳಿದಳು: "ಅತ್ತಿ, ನಾ ಊರಾಗ ಇಲ್ಲದಾಗ ನಮ್ಮಪ್ಪ ಏನು ಉಣ್ತಾನ?"

"ಏನು ಉಣ್ತಾನವ್ವ, ಚಾದಾಗ ಬಿಸ್ಕೀಟು ಅದ್ದಿ ತಿಂದು ಮಕ್ಕೋತಾನ."

ರೇಣುಕಾ ನನ್ನ ಮುಂದೆ ಬಂದು ಕೂತಳು. "ಈ ಮನಿ ನನಗ ಪಸಂದ ಬರ್ಲಿಲ್ಲಪ್ಪ. ಇಲ್ಲಿ ನಿನ್ನೊಬ್ಬನ್ನ ಹ್ಯಾಂಗ ಬಿಡ್ಲಿ? ನಾ ಹೋಗೂದಿಲ್ಲ."

ನನಗೆ ಬೇಕಾಗಿದ್ದ ಮಾತು ತಾನಾಗಿಯೇ ಬಂದಿತ್ತು, ಸುಮ್ಮನಿದ್ದರೆ ಸಾಕಿತ್ತು. ಆದರೆ ತಾಲೀಮಿನ ಕೋಣೆಯಲ್ಲಿ ಅವಳ ಮುಖ ಹೇಗೆ ಅರಳಿತ್ತೆಂಬುದು ನೆನಪಾಯಿತು. "ಶರಣಮ್ಮಗ ಏನು ಗೊತ್ತು? ನಾ ದಿನಾ ರೊಟ್ಟಿ ಬಡೀತೀನಿ" ಎಂದು ಎದೆ ಸೆಟೆಸಿ ಹೇಳಿಬಿಟ್ಟೆ.

ಈಗ ಅವಳು ಅಲ್ಲಿ, ನಾನು ಇಲ್ಲಿ. ಸಂಜೆಯಾದರೆ ಮನೆ ಬಿಕೋ ಎನ್ನುತ್ತದೆ. ಅವಳ ಫೋನು ಬಂದಾಗ ಮೊಬೈಲನ್ನು ರೊಟ್ಟಿ ಬಡಿಯುವ ಹಲಗೆಯ ಪಕ್ಕ ಇಟ್ಟು, ಖಾಲಿ ಹಲಗೆಯನ್ನೇ ಅಂಗೈಯಿಂದ ಪಟಪಟ ಬಡಿಯುತ್ತೇನೆ. ಚಹಾ ಬಿಸ್ಕೀಟು ಇನ್ನೊಂದು ಪಕ್ಕ ಕಾಯುತ್ತಿರುತ್ತವೆ. ಮೊನ್ನೆ ಅವಳು ಆ ಸಪ್ಪಳ ಕೇಳಿಸಿಕೊಂಡು ಹೇಳಿದಳು:

"ಅಪ್ಪಾ, ಹಲಗಿ ಮ್ಯಾಲೆ ಹಿಟ್ಟು ಇದ್ರ ಸಪ್ಪಳ ಇಷ್ಟು ಜೋರು ಬರೂದಿಲ್ಲ. ಒಂದು ಹಿಡಿ ಹಿಟ್ಟರ ಹಾಕ್ಕೊಂಡು ಬಡಿ."

ಹಾಕಿಕೊಂಡು ಬಡಿದೆ. ರೊಟ್ಟಿ ನಾಲ್ಕು ಕಡೆ ಹರಿಯಿತು. ಹರಿದದ್ದನ್ನೇ ಸುಟ್ಟುಕೊಂಡು ಉಂಡೆ. ಅವಳು ಫೋನು ಇಡದೆ ಕೇಳಿಸಿಕೊಳ್ಳುತ್ತಿದ್ದಳಲ್ಲ, ಏನು ಮಾಡಲಿ?