ಅತ್ತೆಯ ಮೂಲಂಗಿಗೆ ತಣ್ಣನೆಯ ಹೊಗೆ

ಹೊಗೆ ಎಬ್ಬಿಸಲು ಯಾವ ದಡ್ಡನಿಗಾದರೂ ಬರುತ್ತದೆ. ಆ ಹೊಗೆಯನ್ನು ತಣ್ಣಗಿಡುತ್ತೇನೆಂದು ಹೊರಡಲು ಸ್ವಲ್ಪ ಓದಿಕೊಂಡ ದಡ್ಡನೇ ಬೇಕು. ಉತ್ತರ ಜಪಾನಿನ ನಮ್ಮ ಅಕಿತಾ ಸೀಮೆಯಲ್ಲಿ ಆ ಹುದ್ದೆ ಸದ್ಯಕ್ಕೆ ನನ್ನದು.

ನಮ್ಮ ಅತ್ತೆ ತೋವಾ ಬೇಸಿಗೆಯ ಕೊನೆಗೆ ಮೂಲಂಗಿ ಬಿತ್ತಿದರು. ಕೀಳುವ ಹೊತ್ತಿಗೆ ಅವರೇ ಇರಲಿಲ್ಲ. ಇಲ್ಲಿ ಮೂಲಂಗಿ ಬಿಸಿಲಿಗೆ ಒಣಗುವ ಮೊದಲೇ ಹಿಮ ಬೀಳುತ್ತದೆ. ಹಾಗಾಗಿ ಅದನ್ನು ಸೂರಿಗೆ ತೂಗುಹಾಕಿ, ಕೆಳಗೆ ಕಟ್ಟಿಗೆಯ ಹೊಗೆ ಹಾಕಿ, ಆಮೇಲೆ ತೌಡು ಉಪ್ಪಿನಲ್ಲಿ ಹೂತು ಉಪ್ಪಿನಕಾಯಿ ಮಾಡುತ್ತೇವೆ. ಅತ್ತೆಯ ಹೊಗೆಗುಡಿಸಲು ಹೋದ ಚಳಿಗಾಲದ ಹಿಮಕ್ಕೆ ಕುಸಿದಿತ್ತು. ನನ್ನ ಹೆಂಡತಿ ಇಕುಯೊ ಮೂಲಂಗಿಗಳನ್ನು ಕಿತ್ತು ತಂದು ತೊಳೆದು, ಕೂಸುಗಳನ್ನು ಮಲಗಿಸಿದಂತೆ ಜಗಲಿಯಲ್ಲಿ ಸಾಲಾಗಿ ಮಲಗಿಸಿದಳು.

"ಅಮ್ಮ ಬಿತ್ತಿದ್ದು ಇಷ್ಟೇ ರೀ. ಈ ಚಳಿಗಾಲ ಒಂದ್ಸಲ ಆ ರುಚಿ ಬಾಯಿಗೆ ಬಿದ್ರೆ ಸಾಕು ನಂಗೆ."

"ನಾನಿದ್ದೀನಲ್ಲ" ಎಂದೆ. (ನಮ್ಮ ಮನೆಯ ಅನೇಕ ದುರಂತಗಳಿಗೆ ಇದೇ ಪೀಠಿಕೆ.)

ಪತ್ರಿಕೆಯೊಂದರಲ್ಲಿ ಮೀನಿಗೆ ಹೊಗೆ ಹಾಕುವ ವಿಧಾನ ಓದಿದ್ದೆ. ಹೊಗೆ ತಣ್ಣಗಿರಬೇಕು, ಇಲ್ಲದಿದ್ದರೆ ಮಾಲು ಬೆಂದುಹೋಗುತ್ತದೆ ಎಂದಿತ್ತು. ಮೀನಿಗಾದದ್ದು ಮೂಲಂಗಿಗೂ ಆಗಲಿ ಎಂದು ನಿರ್ಧರಿಸಿ, ಇಕುಯೊಳ ಬಟ್ಟೆ ಬೀರುವನ್ನು ಅಂಗಳಕ್ಕೆ ಎಳೆದೆ.

"ಅದು ನನ್ನ ಮದುವೇಲಿ ಕೊಟ್ಟ ಬೀರು."

"ಈಗದರಲ್ಲಿ ನುಸಿಗುಳಿಗೆ ಬಿಟ್ರೆ ಏನಿದೆ?"

"ನುಸಿಗುಳಿಗೆ ವಾಸ್ನೆ ಮೂಲಂಗೀನಾ ಅಮ್ಮನ ಮುಂದೆ ಎಡೆ ಇಡೋದು? ಮೊದ್ಲು ತಿಕ್ಕಿ ತೊಳೀರಿ."

ತಿಕ್ಕಿದೆ. ತೊಳೆದೆ. ಮೂಲಂಗಿಗಳನ್ನು ಅದರೊಳಗೆ ತೂಗುಹಾಕಿದೆ. ದೂರದಲ್ಲಿ ಒಂದು ಹಳೆಯ ಡಬ್ಬದಲ್ಲಿ ಚೆರಿ ಕಟ್ಟಿಗೆ ಉರಿಸಿ, ಅಲ್ಲಿಂದ ಬೀರುವಿನವರೆಗೆ ಒಲೆಯ ಹೊಗೆಕೊಳವೆಗಳನ್ನು ಜೋಡಿಸಿದೆ. ಆದರೂ ಬೀರು ತಲುಪಿದ ಹೊಗೆ ಬೆಚ್ಚಗಿತ್ತು. ಆಗ ಮಹಾಜ್ಞಾನೋದಯವಾಯಿತು. ಈ ಸಲ ಹಿಮ ಬೇಗ ಬಿದ್ದಿದೆ. ದೇವರು ಬಿಟ್ಟಿಯಾಗಿ ಅಂಗಳದ ತುಂಬ ಸುರಿದಿದ್ದಾನೆ. ಸಲಿಕೆ ಹಿಡಿದು ಇಡೀ ಕೊಳವೆಯನ್ನು ಹಿಮದಲ್ಲಿ ಹೂತುಬಿಟ್ಟೆ. ಕರಗಿದಷ್ಟೂ ತುಂಬಿದೆ. ಹೊಗೆ ತಣ್ಣಗಾಯಿತು.

ಇಕುಯೊ ಬೀರುವಿನೊಳಗೆ ಕೈಯಿಟ್ಟು ನೋಡಿದಳು.

"ಅಮ್ಮನ ಗುಡಿಸ್ಲಲ್ಲಿ ನಾನು ಶಾಲೆಯಿಂದ ಬಂದು ಕೈ ಕಾಯಿಸ್ಕೋತಿದ್ದೆ."

"ಪಾಪ, ನಿಮ್ಮಮ್ಮಂಗೆ ವಿಜ್ಞಾನ ಗೊತ್ತಿರ್ಲಿಲ್ಲ ಕಣೇ."

(ಕಣ್ಣುರಿಯುತ್ತದೆಂದು ನಾನು ಆ ಗುಡಿಸಲಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ವಸೂಲಿ ಮಾಡಿದ್ದು ಉಪ್ಪಿನಕಾಯಿ ಮಾತ್ರ.)

ಕೆಲವು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಬೀರುವಿನ ಬಾಗಿಲು ತೆರೆದರೆ ಮೂಲಂಗಿಗಳು ಗಾಳಿಗೆ ಒಂದಕ್ಕೊಂದು ತಾಗಿ ಮರದ ಕೊರಡಿನಂತೆ ಟಕಟಕ ಎಂದವು. ಅಡುಗೆಮನೆಗೆ ತಂದೆವು. ಮಧ್ಯಾಹ್ನದ ಹೊತ್ತಿಗೆ ನೀರಿಳಿಸಿಕೊಂಡು ಒದ್ದೆ ಟವೆಲಿನಂತೆ ಜೋತುಬಿದ್ದವು. ಅವಳು ಒಂದನ್ನು ಒತ್ತಿದಳು. ಬೆರಳು ಒಳಗೇ ಹೋಯಿತು.

"ಹೆಪ್ಪುಗಟ್ಟಬಾರ್ದು ಅಂತಾನೇ ರೀ ಅಮ್ಮ ಬೆಂಕಿ ಕಾಯ್ತಿದ್ದಿದ್ದು. ಹೊಗೆಗಿಂತ ಆ ಬಿಸೀನೇ ಮುಖ್ಯ."

"ಮೊದ್ಲೇ ಹೇಳಬಾರ್ದಿತ್ತಾ?"

"ಕೈ ಕಾಯಿಸ್ಕೋತಿದ್ದೆ ಅಂದ್ನಲ್ಲ."

ಹೆಪ್ಪುಗಟ್ಟಿ ಕರಗಿದ ಮೂಲಂಗಿ ಉಪ್ಪಿನಕಾಯಿಗೆ ಬರುವುದಿಲ್ಲ. ಅವಳು ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಎಷ್ಟೋ ಸುಖವಿತ್ತು. ಅವಳು ಅವನ್ನೆಲ್ಲ ಹೆಚ್ಚಿ, ಸೋಯಾ ಹುದುಗಿಸಿ ಮಾಡುವ ಮಿಸೊ ಸಾರಿಗೆ ಹಾಕಿದಳು. ಮೊದಲ ಬಟ್ಟಲನ್ನು ಅತ್ತೆಯ ಪಟದ ಮುಂದಿಟ್ಟು, "ಅಳಿಯಂದಿರು ಮಾಡಿದ್ದಮ್ಮ, ಹೊಂದ್ಕೊಂಡು ತಿನ್ನು" ಎಂದಳು.

ಪ್ರತಿದಿನ ಅದೇ ಸಾರು. ಕೊನೆಗೆ ಅತ್ತೆ ಬಿತ್ತಿದ್ದರಲ್ಲಿ ಒಂದೇ ಒಂದು ಹೋಳು ಪಾತ್ರೆಯಲ್ಲಿ ಉಳಿಯಿತು. ನೀವು ತಿನ್ನಿ ಎಂದಳು, ನೀನು ತಿನ್ನು ಎಂದೆ. ಅವಳು ಚಾಪ್‌ಸ್ಟಿಕ್ಕಿನಲ್ಲಿ ಅದನ್ನು ಎರಡು ಮಾಡಿ ದೊಡ್ಡ ಚೂರನ್ನು ನನ್ನ ಬಟ್ಟಲಿಗೆ ಹಾಕಿದಳು.

"ಚೆನ್ನಾಗಿದೆ ಅಂತ ಸುಳ್ಳು ಹೇಳ್ಬೇಡಿ."

ಮದುವೆಯಾದಂದಿನಿಂದ ಅವಳು ಏನು ಬಡಿಸಿದರೂ ಚೆನ್ನಾಗಿದೆ ಎಂದೇ ಸಂಸಾರ ತೂಗಿಸಿದವನು ನಾನು. ಅಂದು ಮಾತ್ರ ಹೆಂಡತಿಯ ಮಾತು ಕೇಳೋಣವೆನ್ನಿಸಿತು.

"ಚೆನ್ನಾಗಿಲ್ಲ" ಎಂದೆ.

ಅತ್ತೆಯನ್ನು ಕಳಿಸಿಕೊಟ್ಟ ದಿನವೂ ಕಣ್ಣು ಒದ್ದೆ ಮಾಡದ ಇಕುಯೊ, ಬಟ್ಟಲು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.