ಚೊಂಬಿನ ಕಂಠ ಮತ್ತು ಅಯಸ್ಕಾಂತ

ಊಟಕ್ಕೆ ಕರೆದವರ ಮನೆಯಲ್ಲಿ, ಅನ್ನ ಬಡಿಸುವ ಮೊದಲು ತಟ್ಟೆಯನ್ನು ಮಗುಚಿ ಪರೀಕ್ಷೆ ಮಾಡುವ ಗಂಡನ ಪಕ್ಕದಲ್ಲಿ ಕೂತು ಅಭ್ಯಾಸವಿರುವ ಹೆಂಗಸರು ಹೆಚ್ಚು ಮಂದಿ ಇರಲಾರರು. ನಾನು ಅಂಥವಳು. ಆ ಗಳಿಗೆಯಲ್ಲಿ ಏನು ಮಾಡಬೇಕೆಂದು ಯಾರಾದರೂ ಕೇಳಿದರೆ ಹೇಳಿಕೊಡಬಲ್ಲೆ: ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಳ್ಳುತ್ತಾ ಇರಬೇಕು, ಅದು ಸರಿಯಾಗಿಯೇ ಇದ್ದರೂ. ನಮ್ಮವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಆ ಮೆಷಿನ್ನಿನ ಮೇಜೇ ಒಂದು ದೊಡ್ಡ ಅಯಸ್ಕಾಂತ. ಕಬ್ಬಿಣದ ತುಂಡನ್ನಿಟ್ಟು ಹಿಡಿ ತಿರುಗಿಸಿದರೆ ಅಲ್ಲಾಡದೆ ಕೂರುತ್ತದೆ. ಹಿತ್ತಾಳೆಯನ್ನಿಟ್ಟರೆ ಅದಕ್ಕೂ ಮೇಜಿಗೂ ಸಂಬಂಧವೇ ಇಲ್ಲ. ದಿನವೆಲ್ಲ ಅದರ ಮುಂದೆ ನಿಂತವರಿಗೆ, ಲೋಕದಲ್ಲಿ ಹಿಡಿಯುವ ವಸ್ತು, ಹಿಡಿಯದ ವಸ್ತು ಎಂದು ಎರಡೇ ಬಗೆ ಕಾಣಿಸತೊಡಗಿದರೆ ಆಶ್ಚರ್ಯವೇನಿಲ್ಲ.

ಮನೆಮನೆಯಲ್ಲೂ ಹಿತ್ತಾಳೆ ಪಾತ್ರೆ ಅಂಗಡಿಗೆ ಹಾಕಿ ಸ್ಟೀಲ್ ಪಾತ್ರೆ ತರುತ್ತಿದ್ದ ಕಾಲ ಅದು. ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಹಿಡಿಯಬಾರದು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ನಮ್ಮವರು ಕೆಟ್ಟುಹೋದ ರೇಡಿಯೋಗಳ ಸ್ಪೀಕರಿನಿಂದ ಬಳೆಯಂಥ ಪುಟ್ಟ ಕರಿ ಅಯಸ್ಕಾಂತಗಳನ್ನು ಬಿಡಿಸಿ, ತೂತಿಗೆ ದಾರ ಪೋಣಿಸಿ ಇಟ್ಟುಕೊಳ್ಳುತ್ತಿದ್ದರು. ನನ್ನನ್ನು ನೋಡಲು ಬಂದ ದಿನವೂ ಅಂಥದ್ದೊಂದು ಜೇಬಿನಲ್ಲಿತ್ತು. ನಾನು ಕೊಟ್ಟ ಕಾಫಿ ಕುಡಿದು, ಲೋಟಕ್ಕೆ ಮೆಲ್ಲಗೆ ತಾಗಿಸಿ ನೋಡಿದರು. ನಮ್ಮಪ್ಪ ಅಂಜುತ್ತಲೇ "ಹೇಗೆ, ಒಪ್ಪಿಗೇನಾ?" ಎಂದರೆ "ಲೋಟ ಒಳ್ಳೇದು ಸಾರ್" ಎಂದರಂತೆ. ನನ್ನ ವಿಷಯ ಮಾತಾಡಲು ಮರೆತಿದ್ದರು. ಮರುದಿನ ಯಾರ ಕೈಲೋ ಒಪ್ಪಿಗೆಯೆಂದು ಹೇಳಿಕಳಿಸಿದರು.

ಆಮೇಲೆ ನೆಂಟರಿಷ್ಟರ ಮದುವೆಗೆಲ್ಲ ಅವರ ಉಡುಗೊರೆ ಒಂದೇ, ದಾರ ಕಟ್ಟಿದ ಅಯಸ್ಕಾಂತ. ವರ್ತೂರಿನಲ್ಲಿ ಹೊಲಮನೆ ನೋಡಿಕೊಂಡಿದ್ದ ಅವರ ಅಕ್ಕ, ನನ್ನ ಅತ್ತಿಗೆ, ಅದನ್ನು ಬೀಗದ ಕೈ ಗೊಂಚಲಿಗೇ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೀಗದ ಕೈಗಳೆಲ್ಲ ಅದಕ್ಕೆ ಅಂಟಿ ಮುದ್ದೆಯಾಗಿ, ಬೇಕಾದ್ದನ್ನು ಬಿಡಿಸಿಕೊಳ್ಳಲು ಬಾಗಿಲ ಮುಂದೆ ದಿನವೂ ಒದ್ದಾಡುತ್ತಿದ್ದರು. ಆದರೂ ತೆಗೆಯಲಿಲ್ಲ.

ಒಮ್ಮೆ ನಮ್ಮವರೇ ಆರಿಸಿ ತಂದ ಚೊಂಬಿನ ಕಂಠಕ್ಕೆ ಅಯಸ್ಕಾಂತ ಮೆಲ್ಲಗೆ ವಾಲಿ ಅಂಟಿದ್ದನ್ನು ನಾನು ಕಂಡುಹಿಡಿದೆ. ಕೊನೆಗೂ ಸಿಕ್ಕಿಬಿದ್ದರು ಎಂದು ಖುಷಿಯಾಗಿ ತೋರಿಸಿದರೆ, ಅವರಿಗೆ ನನಗಿಂತ ಖುಷಿ. "ಕೂತ್ಕೋ, ಹೇಳ್ತೀನಿ" ಎಂದರು. ಆ ಮಾತು ಬಂದರೆ ಸಾಮಾನ್ಯವಾಗಿ ಒಲೆಯ ಮೇಲೆ ಏನೋ ಇದೆಯೆಂದು ನಾನು ಏಳುತ್ತಿದ್ದೆ. ಅವತ್ತು ಏಳಲಿಲ್ಲ. "ಈ ಸ್ಟೀಲು ಹಾಳೆಯಾಗಿದ್ದಾಗ ಹಿಡಿಯಲ್ಲ ಕಣೆ. ಅದನ್ನ ಒತ್ತಿ, ಎಳೆದು, ಮಡಿಚಿ ಕಂಠ ಮಾಡ್ತಾರಲ್ಲ, ಆ ಪೆಟ್ಟಿಗೆ ಅಲ್ಲಿ ಒಳಗಿನ ಜೋಡಣೆನೇ ಬದಲಾಗುತ್ತೆ. ಅಷ್ಟು ಕಡೆ ಮಾತ್ರ ಒಂಚೂರು ಹಿಡಿಯುತ್ತೆ. ಕೆಂಪಗೆ ಕಾಯಿಸಿ ಆರಿಸಿದ್ರೆ ಮತ್ತೆ ಬಿಟ್ಟುಬಿಡುತ್ತೆ. ಕಬ್ಬಿಣ ಆದ್ರೆ ಕಿತ್ತು ತೆಗೀಬೇಕು. ಇದು ನೋಡು, ಊದಿದ್ರೆ ಬೀಳುತ್ತೆ." ಊದಿದರು. ಬೀಳಲಿಲ್ಲ. ಬೆರಳಿನಿಂದ ತಟ್ಟಿದಾಗ ಬಿತ್ತು.

ಹೋದ ವರ್ಷ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ವರ್ಷದ ತಿಥಿಗೆ ಬಂದವರಿಗೆ ಅವರ ಹೆಸರು ಕೆತ್ತಿಸಿದ ಪಾತ್ರೆ ಕೊಡಬೇಕೆಂದು ಮನೆಯಲ್ಲಿ ಮಾತಾಯಿತು. ನನಗೆ ಅದೇ ಚಿಂತೆಯಾಯಿತು. ಯಾಕೆಂದರೆ ಬರುವವರೆಲ್ಲ ಅವರೇ ತಯಾರು ಮಾಡಿದ ಪರೀಕ್ಷಕರು. ಒಬ್ಬೊಬ್ಬರ ಹತ್ತಿರವೂ ಅವರೇ ಕೊಟ್ಟ ಅಯಸ್ಕಾಂತವಿದೆ. ಊರಿನ ಪಾತ್ರೆಯನ್ನೆಲ್ಲ ಅಳೆದ ಮನುಷ್ಯನ ಹೆಸರಿರುವ ಪಾತ್ರೆ ಕಳಪೆ ಎಂದು ಒಬ್ಬರು ಅಂದುಕೊಂಡರೂ ಮುಗಿಯಿತು, ಅವರ ಮಾನ ಉಳಿಯುವುದಿಲ್ಲ.

ಪಾತ್ರೆ ಅಂಗಡಿಯ ಶೆಟ್ಟರಿಗೆ ನಮ್ಮವರ ಪರಿಚಯ ಚೆನ್ನಾಗಿತ್ತು. ಅವರು ಬರುವುದು ಕಂಡರೆ ಶೆಟ್ಟರು ಒಳಗೆ ಹೋಗಿ ಮಗನನ್ನು ಮುಂದೆ ಕೂರಿಸುತ್ತಿದ್ದರು. ನನ್ನನ್ನು ಕಂಡು ಶೆಟ್ಟರೇ ಎದ್ದು ಬಂದು ಕುರ್ಚಿ ಹಾಕಿಸಿದರು. "ತಟ್ಟೆ ತಗೊಳ್ಳಿ ತಾಯಿ. ತಟ್ಟೆಗೆ ಕಂಠ ಇಲ್ಲ, ತಕರಾರೂ ಇಲ್ಲ. ನಿಮ್ಮ ನೆಂಟ್ರು ನಂಗೊತ್ತಲ್ಲ" ಎಂದರು. ಬುದ್ಧಿವಂತಿಕೆಯ ಮಾತು. ಆದರೆ ನಮ್ಮವರು ಡ್ಯೂಟಿಯಿಂದ ಬಂದವರೇ ಚೊಂಬೆತ್ತಿ ನೀರು ಕುಡಿಯುತ್ತಿದ್ದರು, ತಟ್ಟೆಯಲ್ಲಲ್ಲ. "ಚೊಂಬೇ ಕೊಡಿ, ದಪ್ಪದ್ದು" ಎಂದೆ. ಒಂದೊಂದರ ತಳಕ್ಕೂ ಹೊಟ್ಟೆಗೂ ಅಯಸ್ಕಾಂತ ತಾಗಿಸಿ ನೋಡಿ ಆರಿಸಿದೆ. ಶೆಟ್ಟರು ಮೆಲ್ಲಗೆ ಒಳಗೆ ಹೋಗಿ ಮಗನನ್ನು ಕಳಿಸಿದರು.

ತಿಥಿಯ ದಿನ ಊಟವಾಗಿ, ಎಲೆ ಅಡಿಕೆಯ ಜೊತೆ ಚೊಂಬು ಕೊಟ್ಟೆ. ಕಂಠಕ್ಕೆ ಯಾಕೆ ಹಿಡಿಯುತ್ತದೆಂದು ಹೇಳಬೇಕಾದ್ದನ್ನೆಲ್ಲ ಒಲೆಯ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡಿದ್ದೆ. ಯಾರೂ ಪರೀಕ್ಷೆ ಮಾಡಲಿಲ್ಲ. ಚೊಂಬು ತಿರುಗಿಸುತ್ತಾರೆ, ಹೆಸರು ಓದುತ್ತಾರೆ, ಕೈ ಜೇಬಿನ ತನಕ ಹೋಗುತ್ತದೆ, ನನ್ನ ಮುಖ ನೋಡಿ ವಾಪಸು ಬರುತ್ತದೆ. ಇಡೀ ಪಡಸಾಲೆ ತುಂಬ ಮರ್ಯಾದಸ್ಥರು. ನನಗೆ ತಡೆಯಲಾಗಲಿಲ್ಲ. ನಮ್ಮವರ ಮೇಲೆ ಕರುಣೆ ತೋರಿಸುವುದಕ್ಕೆ ಇವರು ಯಾರು?

"ಯಾಕೆ ಅತ್ತಿಗೆ, ಮ್ಯಾಗ್ನೆಟ್ ತಂದಿಲ್ವಾ?" ಎಂದೆ.

"ಸುಮ್ಕಿರು. ಸತ್ತೋರ ಎಸ್ರಲ್ಲಿ ಕೊಟ್ಟಿದ್ದ ಯಾರಾದ್ರೂ ಪರೀಕ್ಸೆ ಮಾಡ್ತಾರಾ?"

"ಅವರಾಗಿದ್ರೆ ಮಾಡ್ತಿದ್ರು."

ಅತ್ತಿಗೆ ಸೊಂಟಕ್ಕೆ ಕೈ ಹಾಕಿದರು. ಗೊಂಚಲಿನಿಂದ ಅಯಸ್ಕಾಂತ ಬಿಡಿಸಿಕೊಳ್ಳುವುದಕ್ಕೇ ಸಾಕಷ್ಟು ಹೊತ್ತಾಯಿತು. ಅಷ್ಟರಲ್ಲಿ ಎಲ್ಲರೂ ಸುತ್ತ ಸೇರಿದರು. ದಾರ ಹಿಡಿದು ಚೊಂಬಿನ ಕಂಠದ ಬಳಿ ಇಳಿಬಿಟ್ಟರು. ಅದು ಮೆಲ್ಲಗೆ ವಾಲಿ ಅಂಟಿಕೊಂಡಿತು. ಅತ್ತಿಗೆ ಕೂಡಲೇ ಸೆರಗನ್ನು ಚೊಂಬಿನ ಮೇಲೆಳೆದು, ಎಲ್ಲರಿಗೂ ಕೇಳುವಂತೆ "ಇಡೀನಿಲ್ಲ" ಎಂದರು. ಸೆರಗಿನಡಿಯಿಂದ ದಾರ ಬಿಗಿಯಾಗಿ ನಿಂತದ್ದು ಎಲ್ಲರಿಗೂ ಕಾಣುತ್ತಿತ್ತು. "ನನ್ನ ತಮ್ಮಂದು ಯಾವತ್ತಾನ ಇಡಿದದಾ?" ಎಂದು ಸುತ್ತಲೂ ನೋಡಿದರು.

ಅತ್ತಿಗೆ ಸುಳ್ಳು ಹೇಳಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಚೊಂಬಿನ ಮೇಲಿಂದ ಅವರ ಸೆರಗು ಸರಿಸಿದೆ. "ಹಿಡಿದಿದೆ ಅತ್ತಿಗೆ. ಹಿಡೀಬೇಕಾದ್ದೇ. ಕೂತ್ಕೊಳ್ಳಿ, ಹೇಳ್ತೀನಿ" ಎಂದೆ. ತಳಕ್ಕೆ ತಾಗಿಸಿದೆ, ಹಿಡಿಯಲಿಲ್ಲ. ಹೊಟ್ಟೆಗೆ, ಇಲ್ಲ. ಕಂಠಕ್ಕೆ ಹಿಡಿದದ್ದನ್ನು ಬೆರಳಿನಿಂದ ತಟ್ಟಿ ಬೀಳಿಸಿದೆ. ಆಮೇಲೆ ಬಾಗಿಲ ಚಿಲಕಕ್ಕೆ ಅಂಟಿಸಿ, ಅತ್ತಿಗೆಯ ಕೈಯಿಂದಲೇ ಕೀಳಿಸಿದೆ. ಹಾಳೆ, ಪೆಟ್ಟು, ಒಳಗಿನ ಜೋಡಣೆ, ಕೆಂಪಗೆ ಕಾಯಿಸುವುದು, ಒಂದನ್ನೂ ಬಿಡಲಿಲ್ಲ. ಜೇಬುಗಳಿಂದ, ಸೊಂಟಗಳಿಂದ ಅಯಸ್ಕಾಂತಗಳು ಹೊರಬಂದವು. ಮನೆತುಂಬ ಚೊಂಬು ತಟ್ಟುವ ಸದ್ದು. "ತಳಕ್ಕಿಲ್ಲ ಕಣ್ರೀ, ನೋಡಿ." "ಮಾಲು ಭರ್ಜರಿಯಾಗೈತೆ ಗುರು." ತಿಥಿಯ ಮನೆ ಎನ್ನುವುದು ಎಲ್ಲರಿಗೂ ಮರೆತೇಹೋಗಿತ್ತು. ಗೋಡೆಯ ಮೇಲಿನ ಅವರ ಫೋಟೋದ ಕಡೆ ನಾನು ಬೇಕೆಂದೇ ನೋಡಲಿಲ್ಲ. ನೋಡಿದ್ದರೆ ಹೆಮ್ಮೆಯಿಂದ ಮತ್ತಷ್ಟು ಹೊತ್ತು ಕೊರೆಯುತ್ತಿದ್ದೆ.

ಸಂಜೆ ಅತ್ತಿಗೆಯನ್ನು ಬಸ್ ಸ್ಟಾಪಿಗೆ ಕರೆದುಕೊಂಡು ಹೋದೆ. ಚೊಂಬನ್ನು ಎದೆಗೆ ಅವಚಿಕೊಂಡು ಅವರು ಬಸ್ಸಿಗೆ ಕಾದರು. ಬಸ್ಸು ಬಂದಾಗ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

"ಬೇಜಾರು ಮಾಡ್ಕೋಬ್ಯಾಡ ಕಣಮ್ಮಿ. ಅವ್ನು ಏಳ್ದಾಗ ಒಂಚೂರಾದ್ರೂ ಅರ್ತ ಆಯ್ತಿತ್ತು. ನೀನು ಏಳಿದ್ದು ಒಂದೂ ಅರ್ತ ಆಗ್ನಿಲ್ಲ."

ನಮ್ಮವರು ಹೇಳಿದ್ದು ಅರ್ಥವಾಗುತ್ತದೆ ಎಂದು, ಅವರು ಬದುಕಿದ್ದಾಗ ಯಾರೂ ಒಪ್ಪಿಕೊಂಡಿರಲಿಲ್ಲ. ನಾನಂತೂ ಒಪ್ಪಿಕೊಂಡಿರಲೇ ಇಲ್ಲ. ಈಗ ಅವರಿಗೆ ಆ ಹೊಗಳಿಕೆ ಸಿಕ್ಕಿತು, ನನ್ನ ಪಾಠ ಅಷ್ಟು ಕೆಟ್ಟದಾಗಿದ್ದ ಪುಣ್ಯದಿಂದ. ತಲೆಯೆತ್ತಿಕೊಂಡು ಮನೆಗೆ ನಡೆದುಬಂದೆ.